ಬಿಂಬದೊಳಗಿನ ಹುಸಿ: ವಿಸರಣ ಎಂ.ಆರ್.ಐ. ಚಿತ್ರಗಳ ದೋಷಪರಿಹಾರ

ಮೆದುಳಿನ ನೀರು ನಿಂತ ನೀರಲ್ಲ. ಶಾಖದ ಪ್ರೇರಣೆಯಿಂದ ಅದರ ಅಣುಗಳು ಸದಾ ಅಲೆಯುತ್ತಿರುತ್ತವೆ. ಸೆಕೆಂಡಿನ ಇಪ್ಪತ್ತರಲ್ಲೊಂದು ಭಾಗದಷ್ಟು ಕಾಲದಲ್ಲಿ ಅಣುವೊಂದು ಒಂದು ದಿಕ್ಕಿನಲ್ಲಿ ಸಾಗುವ ಸರಾಸರಿ ದೂರ ಸುಮಾರು ಮಿಲಿಮೀಟರಿನ ನೂರರಲ್ಲೊಂದು ಭಾಗ. ಇಷ್ಟು ಅಲ್ಪವಾದ ಚಲನೆಯನ್ನು ಅಳೆದು ಚಿತ್ರಿಸುವ ವಿದ್ಯೆಯೇ ವಿಸರಣ ಎಂ.ಆರ್.ಐ.

ಇದರ ತಳಹದಿಯನ್ನು 1965ರಲ್ಲಿ ಸ್ಟೆಸ್ಕಲ್ ಮತ್ತು ಟ್ಯಾನರ್ ಎಂಬ ವಿಜ್ಞಾನಿಗಳು ಹಾಕಿದರು. ಸ್ಥಳದಿಂದ ಸ್ಥಳಕ್ಕೆ ಬಲ ಬದಲಾಗುವ ಕಾಂತಕ್ಷೇತ್ರವನ್ನು ಎರಡು ಬಾರಿ, ಒಂದರ ಪರಿಣಾಮವನ್ನು ಮತ್ತೊಂದು ಅಳಿಸುವಂತೆ ಹಾಯಿಸಲಾಗುತ್ತದೆ. ನಿಂತಲ್ಲೇ ಇದ್ದ ಅಣುವಿನ ಲೆಕ್ಕ ಸರಿಹೋಗುತ್ತದೆ. ಸ್ಥಳ ಬಿಟ್ಟು ಸರಿದ ಅಣುವಿನ ಲೆಕ್ಕ ಸರಿಹೋಗದೆ ಸಂಕೇತ ಕ್ಷೀಣಿಸುತ್ತದೆ. 1980ರ ದಶಕದಲ್ಲಿ ಫ್ರಾನ್ಸಿನ ಲ ಬಿಹಾನ್ ಈ ತತ್ತ್ವವನ್ನು ಮಾನವನ ಮೆದುಳಿನ ಚಿತ್ರಣಕ್ಕೆ ಅಳವಡಿಸಿದರು. ರಕ್ತದ ಪೂರೈಕೆ ನಿಂತ ಮೆದುಳಿನ ಭಾಗವನ್ನು ಇದು ಇತರ ಎಂ.ಆರ್.ಐ. ಚಿತ್ರಗಳಿಗಿಂತ ಬೇಗನೆ ತೋರುತ್ತದೆಂಬುದನ್ನು 1990ರಲ್ಲಿ ಮೋಸ್ಲಿ ಮತ್ತು ಸಂಗಡಿಗರು ಬೆಕ್ಕುಗಳ ಮೇಲಿನ ಪ್ರಯೋಗದಿಂದ ಸ್ಥಾಪಿಸಿದರು. ನರತಂತುಗಳು ಸಾಗುವ ದಿಕ್ಕನ್ನು ಗುರುತಿಸಲೂ ಇದೇ ವಿದ್ಯೆ ಬಳಕೆಯಲ್ಲಿದೆ.

ಆದರೆ ಈ ಸೂಕ್ಷ್ಮತೆಯೇ ಇದರ ದೌರ್ಬಲ್ಯವೂ ಹೌದು. ಅಣುವಿನ ಅಲೆದಾಟವನ್ನು ಗ್ರಹಿಸುವ ಯಂತ್ರ ತಲೆಯ ಅಲುಗಾಟವನ್ನೂ ಗ್ರಹಿಸುತ್ತದೆ. ಪ್ರತಿಯೊಂದು ಹೃದಯಬಡಿತಕ್ಕೂ ಮೆದುಳು ಮಿಡಿಯುವುದನ್ನೂ ಬಿಡುವುದಿಲ್ಲ. ಅದರಿಂದ ಪಾರಾಗಲು ಮ್ಯಾನ್ಸ್‌ಫೀಲ್ಡ್ 1977ರಲ್ಲಿ ಸೂಚಿಸಿದ ಕ್ಷಿಪ್ರ ಚಿತ್ರಣ ನೆರವಾಯಿತು. ಒಂದು ಪದರದ ಚಿತ್ರವೆಲ್ಲವೂ ಒಂದೇ ಪ್ರಚೋದನೆಯಲ್ಲಿ, ಕಣ್ಣು ಮಿಟುಕಿಸುವಷ್ಟರಲ್ಲಿ ದೊರೆಯುತ್ತದೆ. ಅದಕ್ಕೆ ತೆರಬೇಕಾದ ಬೆಲೆಯೂ ಉಂಟು. ಮೂಗಿನ ಹಿಂದಿನ ಮತ್ತು ಕಿವಿಯ ಬಳಿಯ ಗಾಳಿಗೂಡುಗಳ ಸಮೀಪದಲ್ಲಿ ಕಾಂತಕ್ಷೇತ್ರ ಏರುಪೇರಾಗಿ, ಅಲ್ಲಿಯ ಮೆದುಳು ಚಿತ್ರದಲ್ಲಿ ಹಲವು ಮಿಲಿಮೀಟರುಗಳಷ್ಟು ಹಿಗ್ಗಿಯೋ ಕುಗ್ಗಿಯೋ ಕಾಣಿಸುತ್ತದೆ. ಇದರ ಜೊತೆಗೆ, ರಭಸದಿಂದ ಬದಲಾಗುವ ಕ್ಷೇತ್ರಗಳು ಯಂತ್ರದ ಲೋಹಭಾಗಗಳಲ್ಲಿ ಸುಳಿವಿದ್ಯುತ್ತನ್ನು ಹುಟ್ಟಿಸಿ ಚಿತ್ರವನ್ನು ಇನ್ನಷ್ಟು ಓರೆಯಾಗಿಸುತ್ತವೆ.

ಗಾಳಿಗೂಡುಗಳ ಬಳಿಯ ವಿಕೃತಿಗೆ ಆಂಡರ್ಸನ್, ಸ್ಕಾರೆ ಮತ್ತು ಆಶ್‌ಬರ್ನರ್ 2003ರಲ್ಲಿ ಪ್ರಕಟಿಸಿದ ಉಪಾಯ ಮನನೀಯವಾದುದು. ಒಂದೇ ಮೆದುಳಿನ ಚಿತ್ರವನ್ನು ಪರಸ್ಪರ ವಿರುದ್ಧವಾದ ಎರಡು ಓದಿನ ದಿಕ್ಕುಗಳಲ್ಲಿ ತೆಗೆಯುವುದು. ಮೊದಲನೆಯದರಲ್ಲಿ ಹಿಗ್ಗಿದ ಭಾಗ ಎರಡನೆಯದರಲ್ಲಿ ಕುಗ್ಗಿರುತ್ತದೆ. ಎರಡೂ ತಪ್ಪಾಗಿದ್ದರೂ ತಪ್ಪುಗಳ ದಿಕ್ಕು ವಿರುದ್ಧವಾದುದರಿಂದ, ಅವೆರಡನ್ನೂ ತಾಳೆ ನೋಡಿ ಕ್ಷೇತ್ರದ ಏರುಪೇರನ್ನು ಗಣಿಸಬಹುದು; ನಿಜವಾದ ಆಕಾರ ಅವುಗಳ ನಡುವೆ ದೊರೆಯುತ್ತದೆ. ಸುಳಿವಿದ್ಯುತ್ತಿಗೆ ಬೇರೊಂದು ಪರಿಹಾರವನ್ನು ಅದೇ ವರ್ಷ ರೀಸ್ ಮತ್ತು ಸಂಗಡಿಗರು ನೀಡಿದರು. ಕ್ಷೇತ್ರಗಳ ಸರಣಿಯನ್ನೇ ಸುಳಿಗಳು ಒಂದನ್ನೊಂದು ಅಳಿಸುವಂತೆ ಹೊಂದಿಸಿದರು. ಆದರೆ ಅದಕ್ಕೆ ತಗಲುವ ಹೆಚ್ಚಿನ ಕಾಲದಲ್ಲಿ ಸಂಕೇತ ಮಂದವಾಗುತ್ತದೆ.

ಮೂರು ಆಯಾಮಗಳ ಚಿತ್ರಣದಲ್ಲಿ ಸಮಸ್ಯೆ ಇನ್ನೂ ಜಟಿಲ. ತೆಳುಪದರಗಳನ್ನು ಒಂದೊಂದಾಗಿ ಚಿತ್ರಿಸುವಾಗ ಪ್ರತಿಯೊಂದು ಪದರವೂ ತನ್ನ ಸರದಿಗಾಗಿ ಬಹುಕಾಲ ಕಾಯಬೇಕು. ದಪ್ಪನೆಯ ಫಲಕವೊಂದನ್ನು ಒಟ್ಟಿಗೆ ಪ್ರಚೋದಿಸಿದರೆ ಅದರ ಎಲ್ಲ ಭಾಗಗಳೂ ಪ್ರತಿಬಾರಿಯೂ ಸಂಕೇತವನ್ನು ನೀಡುತ್ತವೆ. ಸೂಕ್ಷ್ಮವಾದ ಚಿತ್ರಕ್ಕೆ ಬೇಕಾದ ಬಲ ದೊರೆಯುತ್ತದೆ. ಆದರೆ ಅಂಥ ಚಿತ್ರ ಒಂದೇ ಪ್ರಚೋದನೆಯಲ್ಲಿ ಪೂರ್ಣವಾಗದು. ಹಲವು ಕಂತುಗಳಲ್ಲಿ ಪಡೆದುದನ್ನು ಜೋಡಿಸಬೇಕು. ಪ್ರತಿಯೊಂದು ಕಂತಿನಲ್ಲಿಯೂ ಮೆದುಳಿನ ಮಿಡಿತ ಬೇರೆಯಾದುದರಿಂದ ಅಲೆಯ ಪ್ರಾವಸ್ಥೆ, ಎಂದರೆ ಅದರ ಏರಿಳಿತ ಎಲ್ಲಿ ಮೊದಲಾಗುವುದೆಂಬುದು, ಬೇರೆಬೇರೆಯಾಗಿ, ಜೋಡಿಸಿದ ಚಿತ್ರದಲ್ಲಿ ಪ್ರೇತಬಿಂಬಗಳೂ ಕಪ್ಪು ಹೊಂಡಗಳೂ ತಲೆದೋರುತ್ತವೆ. ಇದಕ್ಕಾಗಿ ಪ್ರತಿ ಕಂತಿನೊಡನೆ ಆ ಕ್ಷಣದ ಪ್ರಾವಸ್ಥೆಯನ್ನು ದಾಖಲಿಸುವ ಪುಟ್ಟ ಮಾರ್ಗದರ್ಶಕ ಪ್ರತಿಧ್ವನಿಯೊಂದನ್ನು ಪಡೆದು, ಅದರಂತೆ ಕಂತನ್ನು ತಿದ್ದುವ ವಿಧಾನವನ್ನು ಆರ್ಡಿಜ್ ಮತ್ತು ಸಂಗಡಿಗರು 1994ರಲ್ಲಿ ವರ್ಣಿಸಿದ್ದರು. ಫಲಕ ತೆಳುವಾಗಿದ್ದರೆ ಮಾತ್ರ ಎರಡು ಆಯಾಮದ ಮಾರ್ಗದರ್ಶಕ ಸಾಕಾಗುತ್ತದೆ. ಆದುದರಿಂದ ಎಂಗ್‌ಸ್ಟ್ರೋಮ್ ಮತ್ತು ಸ್ಕಾರೆ 2013ರಲ್ಲಿ ಮೆದುಳನ್ನು ಅನೇಕ ತೆಳುಫಲಕಗಳಾಗಿ ವಿಭಜಿಸುವ ಮಾರ್ಗವನ್ನು ಅನುಸರಿಸಿದರು. ಇಲ್ಲಿ ಹೊಸ ತೊಡಕೊಂದು ಎದುರಾಗುತ್ತದೆ: ಫಲಕಗಳ ಅಂಚುಗಳಲ್ಲಿ ಪ್ರಚೋದನೆ ಸಮನಾಗಿರದೆ, ಸೇರುವೆಡೆಗಳಲ್ಲಿ ಪಟ್ಟೆಗಳು ಮೂಡುತ್ತವೆ. ಫಲಕಗಳನ್ನು ಒಂದರ ಮೇಲೊಂದು ತುಸು ಹಾಯುವಂತೆ ಇರಿಸಿ, ಅಂಚಿನ ಪ್ರಚೋದನೆಯ ಪ್ರಮಾಣವನ್ನು ಗಣನೆಗೆ ತಂದು ಅವನ್ನು ತಗ್ಗಿಸಲಾಗುತ್ತದೆ. ಹೀಗೆ ಒಂದು ದೋಷದ ಪರಿಹಾರವೇ ಮತ್ತೊಂದಕ್ಕೆ ದಾರಿ ತೆರೆಯುತ್ತ ಹೋಗುತ್ತದೆ.

ತಿದ್ದುವಿಕೆಗೆ ಮಿತಿಯಿದೆ ಎಂಬುದನ್ನೂ ಮರೆಯುವಂತಿಲ್ಲ. ದೊರೆತ ಸಂಕೇತ ಸ್ಥಾನ ತಪ್ಪಿದ್ದರೆ ಅದನ್ನು ಅದರ ನೆಲೆಗೆ ತರಬಹುದು; ಸಂಕೇತವೇ ನಷ್ಟವಾಗಿದ್ದರೆ ಗಣಿತ ಒದಗಿಸುವುದು ಊಹೆಯೇ ಹೊರತು ವೀಕ್ಷಣೆಯಲ್ಲ. ಗೆಡ್ಡೆಯೊಂದರ ಬದಿಯಲ್ಲಿ ನರತಂತುಗಳ ದಾರಿಯನ್ನು ನೋಡಿ ಕತ್ತಿಯನ್ನು ಇಡುವ ಶಸ್ತ್ರವೈದ್ಯನಿಗೆ ಈ ಭೇದ ಅತ್ಯಂತ ಮುಖ್ಯ. ನುಣುಪಾಗಿ ತಿದ್ದಿದ ಚಿತ್ರದಲ್ಲಿ ಇಲ್ಲದ ತಂತು ಕಂಡೀತು, ಇರುವ ತಂತು ಮರೆಯಾದೀತು. ಲೆಕ್ಕಪತ್ರಗಳಲ್ಲಿ ತಪ್ಪಿದ ನಮೂದನ್ನು ಕೆರೆದು ಅಳಿಸದೆ, ತಿದ್ದುಪಡಿಯನ್ನು ಬೇರೆಯಾಗಿ ಬರೆದಿಡುವುದು ರೂಢಿ. ಇಲ್ಲಿಯೂ ಮೂಲಚಿತ್ರವನ್ನು ಉಳಿಸಿಕೊಂಡು, ಎಲ್ಲಿ ಎಷ್ಟು ತಿದ್ದಲಾಗಿದೆಯೆಂಬುದನ್ನು ಅದರ ಪಕ್ಕದಲ್ಲಿಯೇ ತೋರಿಸುವುದು ವೈದ್ಯನಿಗೂ ರೋಗಿಗೂ ಕ್ಷೇಮಕರ.