ಪುಟ್ಟ ವಿಮಾನದ ಇಂಧನ ಟ್ಯಾಂಕ್

ಮಾದರಿ ವಿಮಾನದ ಎಂಜಿನ್ ನೆಲದಲ್ಲಿ ಚೆನ್ನಾಗಿ ಓಡಿ, ಮೂಗೆತ್ತಿದ ಕೂಡಲೇ ನಿಂತರೆ ಹೆಚ್ಚಿನವರು ಕಾರ್ಬ್ಯುರೇಟರಿನ ಸೂಜಿ ತಿರುಗಿಸತೊಡಗುತ್ತಾರೆ. ಮೊದಲು ನೋಡಬೇಕಾದ್ದು ಟ್ಯಾಂಕನ್ನು.

6.5ರಿಂದ 7.5 ಸಿಸಿಯ ಗ್ಲೋ ಎಂಜಿನ್ನಿಗೆ 240ರಿಂದ 300 ಮಿ.ಲೀ. ಟ್ಯಾಂಕ್ ಸಾಕು. ಹೆಚ್ಚು ಹೊತ್ತು ಹಾರಿಸುವ ಆಸೆಗೆ ದೊಡ್ಡದನ್ನು ಕೂರಿಸಬೇಡಿ. ಇಂಧನ ತೀರುತ್ತಾ ಬಂದಂತೆ ಮೂಗಿನ ಭಾರ ಇಳಿದು ವಿಮಾನದ ತೂಕದ ಹೊಂದಿಕೆ ಕೆಡುತ್ತದೆ.

ಟ್ಯಾಂಕಿನ ಒಳಗೆ ಮೆತ್ತನೆಯ ಸಿಲಿಕೋನ್ ಕೊಳವೆ, ಅದರ ತುದಿಗೆ ಕ್ಲಂಕ್ ಎನ್ನುವ ಲೋಹದ ಗುಂಡು. ಇಂಧನ ಯಾವ ಕಡೆಗೆ ಜಾರುತ್ತದೋ ಗುಂಡೂ ಅತ್ತಲೇ ಜಾರಿ ಹೀರುತ್ತಿರಬೇಕು. ಗುಂಡಿಗೂ ಹಿಂಬದಿಯ ಗೋಡೆಗೂ ನಡುವೆ 5–6 ಮಿ.ಮೀ. ಬಿಡಿ. ಬಿರಡೆ ಬಿಗಿದ ಮೇಲೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ: ಟಕಟಕ ಸದ್ದು ಕೇಳದಿದ್ದರೆ ಗುಂಡು ಎಲ್ಲೋ ಸಿಕ್ಕಿಕೊಂಡಿದೆ. ಇನ್ನೊಂದು ಕೊಳವೆ ಟ್ಯಾಂಕಿನ ಮಾಡಿನತ್ತ ಬಾಗಿರಬೇಕು, ಹೊರತುದಿ ಸೈಲೆನ್ಸರಿಗೆ. ಹೊಗೆಯ ಒತ್ತಡವೇ ಇಂಧನವನ್ನು ಮುಂದಕ್ಕೆ ತಳ್ಳುತ್ತದೆ.

ಹೊಸ ಟ್ಯಾಂಕಿನ ಒಂದು ಕೊಳವೆ ಮುಚ್ಚಿ, ಇನ್ನೊಂದರಲ್ಲಿ ಊದಿ, ನೀರಲ್ಲಿ ಮುಳುಗಿಸಿ. ಗುಳ್ಳೆ ಬಂದರೆ ಬಿರಡೆ ಬಿಗಿಯಿರಿ. ಹೀರುವ ಕೊಳವೆಯಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಗಾಳಿ ಸೇರಿ ಎಂಜಿನ್ ಕಾದು ನಿಲ್ಲುತ್ತದೆ. ಟ್ಯಾಂಕಿನ ನಡುಗೆರೆ ಸೂಜಿಯ ಮಟ್ಟಕ್ಕೆ, ಇಲ್ಲವೇ 5–10 ಮಿ.ಮೀ. ಕೆಳಗೆ ಇರಲಿ. ಸುತ್ತ ಫೋಮ್ ಸುತ್ತಿ. ಇಲ್ಲದಿದ್ದರೆ ನಡುಕಕ್ಕೆ ಇಂಧನ ನೊರೆಯೇಳುತ್ತದೆ.

ಮುಂಬಯಿಯ ಫೋರ್ಟ್‌ನಲ್ಲಿರುವವರಿಗೆ ಕೊಳವೆ, ಹಿತ್ತಾಳೆ ಸಾಮಾನು ಹುಡುಕಲು ನಾಗದೇವಿ ಸ್ಟ್ರೀಟ್ ಹತ್ತಿರವೇ ಇದೆ. ಪೆಟ್ರೋಲ್ ಎಂಜಿನ್ನಿಗಾದರೆ ಸಿಲಿಕೋನ್ ಬೇಡ, ಅದು ಉಬ್ಬಿ ಹಾಳಾಗುತ್ತದೆ. ಪೆಟ್ರೋಲ್ ತಾಳುವ ಕೊಳವೆಯನ್ನೇ ಕೇಳಿ. ಟ್ಯಾಂಕ್ ಜೋಡಿಸುವುದು ಮನೆಯಲ್ಲಾಗಲಿ, ಇಂಧನ ತುಂಬುವುದು ಮೈದಾನದಲ್ಲಿ. ಸಿಎಸ್‌ಎಂಟಿಯಲ್ಲಿ ಲೋಕಲ್ ಹತ್ತುವಾಗ ಇಂಧನದ ಡಬ್ಬಿ ಕೈಯಲ್ಲಿರಲೇಬಾರದು, ರೈಲಿನಲ್ಲಿ ಅದಕ್ಕೆ ನಿಷೇಧವಿದೆ. ಗ್ಲೋ ಇಂಧನದ ಮುಖ್ಯ ಭಾಗ ಮೆಥನಾಲ್. 2015ರಲ್ಲಿ ಮಾಲವಣಿಯ ಕಳ್ಳಭಟ್ಟಿಯಲ್ಲಿ ನೂರಕ್ಕೂ ಹೆಚ್ಚು ಜನರ ಪ್ರಾಣ ತೆಗೆದದ್ದು ಇದೇ ವಿಷ. ಬಳಸಿದ ಟ್ಯಾಂಕಿಗೆ ಬಾಯಿ ಹಚ್ಚಿ ಊದಬೇಡಿ, ನೀರಿನ ಬಾಟಲಿಯಲ್ಲಿ ಇಂಧನ ಇಡಬೇಡಿ, ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ. ಹಗಲಲ್ಲಿ ಅದರ ಬೆಂಕಿ ಕಣ್ಣಿಗೆ ಕಾಣುವುದೂ ಇಲ್ಲ.

ಮೆಥನಾಲ್ ಗಾಳಿಯ ತೇವವನ್ನೂ ಹೀರುತ್ತದೆ. ಮುಂಬಯಿಯ ಮಳೆಗಾಲದಲ್ಲಿ ಡಬ್ಬಿಯ ಮುಚ್ಚಳ ಸಡಿಲ ಬಿಟ್ಟರೆ ಇಂಧನಕ್ಕೆ ನೀರು ಸೇರಿ ಎಂಜಿನ್ ತಡವರಿಸುತ್ತದೆ. ಹಾರಿಸಿ ಮುಗಿದ ದಿನವೇ ಟ್ಯಾಂಕ್ ಬರಿದು ಮಾಡಿ.