ಮಳೆಗೆಂದು ಬಿಟ್ಟ ಕಾಡು

ತೋಟದವರಿಗೆ ಭಾನುವಾರ ಇಲ್ಲವೆಂಬುದು ನಮ್ಮ ಸದಸ್ಯರಿಗೆಲ್ಲ ಗೊತ್ತಿರುವ ಮಾತು. ಕಾಫಿ ಕೊಯ್ಲು ಮುಗಿಯುವಷ್ಟರಲ್ಲಿ ನೀರು ಹಾಯಿಸುವ ಚಿಂತೆ, ಮಳೆ ಹಿಡಿಯುವ ಮೊದಲೇ ಅಡಿಕೆಗೆ ಬೋರ್ಡೊ ಹೊಡೆಸುವ ಚಿಂತೆ. ಆದರೆ 2001ರಿಂದ 2004ರವರೆಗೆ ನನ್ನ ಸಂಸಾರಕ್ಕೆ ವಾರದಲ್ಲಿ ಎರಡು ದಿನ ಬಿಡುವಿತ್ತು. ಆಗ ನಾನು ಕೆರಿಬಿಯನ್ ಸಮುದ್ರದ ಟ್ರಿನಿಡಾಡ್ ದ್ವೀಪದಲ್ಲಿ ಉದ್ಯೋಗದಲ್ಲಿದ್ದೆ. ಅಲ್ಲಿನ ತಿರುಗಾಟದಲ್ಲಿ ಕಂಡ ಒಂದು ಕಾಡಿನ ಸಂಗತಿ ನಮ್ಮ ತೋಟಗಳಿಗೂ ಸಂಬಂಧಪಟ್ಟದ್ದು. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನಾನು ಹುಟ್ಟಿ ಬೆಳೆದದ್ದು ಭೀಮಾ ತೀರದ ದೇವಣಗಾಂವದಲ್ಲಿ. ಜೋಳ, ತೊಗರಿಯ ನಾಡು. ವರ್ಷಕ್ಕೆ 600 ಮಿ.ಮೀ. ಮಳೆಯಾದರೆ ಅದೇ ಹಬ್ಬ. ಧಾರವಾಡದಲ್ಲಿ ಕೃಷಿ ಪದವಿ ಪಡೆದು, ಕೊಪ್ಪದ ಕಡೆ ಮದುವೆಯಾಗಿ, ಕೊನೆಗೆ ತೋಟದವನಾದೆ. ನಾವು ಟ್ರಿನಿಡಾಡಿನಲ್ಲಿದ್ದ ಕಾಲದಲ್ಲಿ ಕರ್ನಾಟಕಕ್ಕೆ ಸಾಲು ಸಾಲಾಗಿ ಬರ ಬಂದಿತ್ತು. ಶನಿವಾರ ಬೆಳಿಗ್ಗೆ ತಿರುಗಾಟಕ್ಕೆ ಹೊರಡುವ ಮುನ್ನ ಊರಿಗೆ ಫೋನ್ ಮಾಡುವುದು ರೂಢಿ. ಅಲ್ಲಿ ಆಗ ಸಂಜೆ. ಅವ್ವನ ಮೊದಲ ಪ್ರಶ್ನೆ ಪ್ರತಿ ವಾರವೂ ಒಂದೇ: "ಅಲ್ಲೆ ಮಳಿ ಆತೇನಪಾ? ಇಲ್ಲೆ ಹನಿ ಇಲ್ಲ."

ಶನಿವಾರ, ಭಾನುವಾರ

ಟ್ರಿನಿಡಾಡಿನ ವಿಸ್ತೀರ್ಣ ಸುಮಾರು 4,800 ಚದರ ಕಿಲೋಮೀಟರ್. ನಮ್ಮ ವಿಜಯಪುರ ಜಿಲ್ಲೆಯ ಅರ್ಧಕ್ಕಿಂತಲೂ ಕಡಿಮೆ. ಹೀಗಾಗಿ ಬೆಳಿಗ್ಗೆ ಹೊರಟರೆ ಯಾವ ಮೂಲೆಗಾದರೂ ಹೋಗಿ ರಾತ್ರಿ ಊಟಕ್ಕೆ ಮನೆ ಸೇರಬಹುದು. ಮನೆಯವರು ಬುತ್ತಿಗೆ ಚಿತ್ರಾನ್ನ ಕಟ್ಟುತ್ತಿದ್ದರು. ಮಕ್ಕಳಿಗೆ ಮಾತ್ರ ದಾರಿಬದಿಯ "ಡಬಲ್ಸ್" ಬೇಕು. ಎರಡು ಮೆತ್ತನೆಯ ಕರಿದ ರೊಟ್ಟಿಗಳ ನಡುವೆ ಕಡಲೆಕಾಳಿನ ಸಾರು ಹಾಕಿ ಕಾಗದದಲ್ಲಿ ಸುತ್ತಿ ಕೊಡುತ್ತಾರೆ. 1845ರ ಮೇ 30ರಂದು ಮೊದಲ ಹಡಗಿನಲ್ಲಿ ಬಂದಿಳಿದು, ಮುಂದೆ 1917ರವರೆಗೂ ಬರುತ್ತಿದ್ದ ಭಾರತದ ಕರಾರು ಕೂಲಿಗಳ ಸಂತತಿ ಅಲ್ಲಿ ಇಂದಿಗೂ ದೊಡ್ಡದು. ಅವರ ಅಡಿಗೆಯ ವಾಸನೆ ನಮಗೆ ಹೊಸದೆನಿಸಲಿಲ್ಲ.

ಒಂದು ವಾರ ಲಾ ಬ್ರಿಯಾದ ಡಾಂಬರು ಕೆರೆ. ಸುಮಾರು ನೂರು ಎಕರೆ ನೆಲದಲ್ಲಿ ನೀರಿನ ಬದಲು ಡಾಂಬರು. ಅದರ ಮೇಲೆ ನಡೆದಾಡಬಹುದು. ಇನ್ನೊಂದು ವಾರ ಕರೋನಿ ಜವುಗು ಪ್ರದೇಶದಲ್ಲಿ ದೋಣಿ ಸವಾರಿ. ಸೂರ್ಯ ಮುಳುಗುವ ಹೊತ್ತಿಗೆ ಕಡುಗೆಂಪು ಐಬಿಸ್ ಹಕ್ಕಿಗಳು ಗುಂಪುಗುಂಪಾಗಿ ಬಂದು ಕೂತು, ಹಸುರು ಮರಗಳು ಕೆಂಪಾದವು. ಚಿಕ್ಕವನು "ಅಪ್ಪ, ಮುತ್ತುಗ ಹೂ ಬಿಟ್ಟಿತು" ಎಂದ.

ತೋಟಗಾರನಾದ ನನಗೆ ಹೆಚ್ಚು ಹಿಡಿಸಿದ್ದು ಉತ್ತರದ ಅರಿಮಾ ಕಣಿವೆ. ಅಲ್ಲಿನ ಒಂದು ಹಳೆಯ ಕಾಫಿ, ಕೋಕೋ, ಕಿತ್ತಳೆ ತೋಟವನ್ನು 1967ರಲ್ಲಿ ಆಸಾ ರೈಟ್ ಪ್ರಕೃತಿ ಕೇಂದ್ರವೆಂದು ಕಾದಿರಿಸಿದ್ದರು. ಬಂಗಲೆಯ ಜಗಲಿಯಲ್ಲಿ ಕುಳಿತು ಝೇಂಕಾರದ ಹಕ್ಕಿಗಳನ್ನು ನೋಡಲು ದೂರದೇಶಗಳಿಂದ ಜನ ಹಣ ಕೊಟ್ಟು ಬರುತ್ತಿದ್ದರು. ಸುತ್ತಲಿನ ಕೋಕೋ ತೋಟಗಳಿಗೆ ನೆರಳು ಕೊಡುವ ಎತ್ತರದ ಮರ ಬೇಸಿಗೆಯಲ್ಲಿ ಎಲೆಯುದುರಿಸಿ ಕಿತ್ತಳೆ ಬಣ್ಣದ ಹೂ ಬಿಡುತ್ತದೆ. ಅಲ್ಲಿಯ ಹೆಸರು ಇಮ್ಮಾರ್ಟೆಲ್. ಜಾತಿಯಿಂದ ನಮ್ಮ ಹಾಲುವಾಣದ ದಾಯಾದಿ. ಹಳಬರು ಅದನ್ನು ಕೋಕೋದ ತಾಯಿ ಎಂದೇ ಕರೆಯುತ್ತಾರೆ.

ಟೊಬೇಗೋದ ಬೆಟ್ಟ

2003ರಲ್ಲಿ ಒಂದು ದೀರ್ಘ ರಜೆ ಸಿಕ್ಕಾಗ ಪಕ್ಕದ ಟೊಬೇಗೋ ದ್ವೀಪಕ್ಕೆ ಹೋದೆವು. ಆಗಿನ ಹಡಗಿನಲ್ಲಿ ಐದಾರು ಗಂಟೆಯ ಪ್ರಯಾಣ. ಮಕ್ಕಳಿಗೆ ಕಡಲತೀರದ ಆಸೆ. ನಾನು ಮಾತ್ರ ಒಂದು ದಿನ ಬೆಟ್ಟಕ್ಕೆಂದು ಇಟ್ಟುಕೊಂಡೆ.

ದ್ವೀಪದ ನಡುಬೆನ್ನಿನಂತಿರುವ ಆ ಸಾಲಿಗೆ ಮೇನ್ ರಿಡ್ಜ್ ಎಂದು ಹೆಸರು. 1763ರಲ್ಲಿ ಟೊಬೇಗೋ ಬ್ರಿಟಿಷರ ಕೈಸೇರಿದ ಮೇಲೆ ಕಾಡು ಕಡಿದು ಕಬ್ಬು ಹಾಕುವ ಅವಸರ ಎಲ್ಲೆಲ್ಲೂ ಇತ್ತು. ಕಾಡು ಹೋದರೆ ಮಳೆ ಹೋದೀತು, ಮಳೆ ಹೋದರೆ ಕಬ್ಬೂ ಹೋದೀತು ಎಂಬ ವಾದ ಹೂಡಿದವರು ಸೋಮ್ ಜೆನಿನ್ಸ್ ಎಂಬ ಪಾರ್ಲಿಮೆಂಟ್ ಸದಸ್ಯರು. ವರ್ಷಗಳ ಒತ್ತಾಯದ ಬಳಿಕ 1776ರ ಏಪ್ರಿಲ್ 13ರಂದು ಬೆಟ್ಟದ ನೆತ್ತಿಯನ್ನು "ಮಳೆಯ ರಕ್ಷಣೆಗಾಗಿ" ಕಾನೂನಿನಿಂದ ಕಾದಿರಿಸಲಾಯಿತು. ಈಗ ಸುಮಾರು 4,000 ಹೆಕ್ಟೇರ್. 1963ರ ಸೆಪ್ಟೆಂಬರ್ 30ರಂದು ಫ್ಲೋರಾ ಚಂಡಮಾರುತ ಆ ಕಾಡಿನ ಬಹುಭಾಗವನ್ನು ಕೆಡವಿತು; ಮನುಷ್ಯ ಕೊಡಲಿ ಹಾಕದ್ದರಿಂದ ಅದು ಮತ್ತೆ ಎದ್ದಿತು.

ಗಿಲ್ಪಿನ್ ಟ್ರೇಸ್ ಎಂಬ ಕಾಲುದಾರಿಯಲ್ಲಿ ಇಳಿಯುವಾಗ ಮಳೆ ಹಿಡಿಯಿತು. ಮನೆಯವರಿಗೆ ಆಗುಂಬೆಯ ನೆನಪು. ನಾನು ಮಕ್ಕಳಿಬ್ಬರನ್ನೂ ಒಂದು ತೊರೆಯ ಬಳಿ ನಿಲ್ಲಿಸಿ, ಇಷ್ಟು ಮಳೆ ಸುರಿದರೂ ನೀರು ಕೆಂಪಾಗದಿರುವುದನ್ನು ತೋರಿಸಿದೆ. "ಭೀಮಾ ನದಿಯೂ ಹೀಗೆಯೇ ಸಹ್ಯಾದ್ರಿಯ ಭೀಮಾಶಂಕರದ ಕಾಡಿನಲ್ಲಿ ಹುಟ್ಟುತ್ತದೆ. ನಮ್ಮ ಊರಲ್ಲಿ ಮಳೆಯಿಲ್ಲದಾಗಲೂ ಹೊಳೆ ಬರುತ್ತಿದ್ದದ್ದು ಮೇಲಿನ ಬೆಟ್ಟದವರ ಪುಣ್ಯ" ಎಂದೆ. ಹುಡುಗರು ನಡುಗುತ್ತ ಕೇಳಿದರು.

ನನ್ನ ತಪ್ಪು

ಇಷ್ಟೆಲ್ಲ ಉಪದೇಶ ಮಾಡಿದವನು ಊರಿಗೆ ಬಂದು ಏನು ಮಾಡಿದನೆಂದು ಹೇಳದಿದ್ದರೆ ಅಪ್ರಾಮಾಣಿಕತೆಯಾದೀತು. 2009ರಲ್ಲಿ ಹಣದ ಅಡಚಣೆ ಬಂತು. ಅಪ್ಪಣೆ ಪಡೆದೇ, ಕಾಫಿ ತೋಟದ ನೆತ್ತಿಯ ಹಳೆಯ ನೆರಳುಮರಗಳನ್ನು ಮಾರಿ, ಆ ಜಾಗದಲ್ಲಿ ಸಿಲ್ವರ್ ಓಕ್ ನೆಟ್ಟೆ. ಮೊದಲೆರಡು ಬೆಳೆ ಚೆನ್ನಾಗಿಯೇ ಬಂತು. ಮೂರನೆಯ ವರ್ಷದಿಂದ ಯುಗಾದಿಯವರೆಗೆ ಹರಿಯುತ್ತಿದ್ದ ನಮ್ಮ ಹಳ್ಳ ಶಿವರಾತ್ರಿಗೇ ನಿಲ್ಲತೊಡಗಿತು. ಕೆಳಗಿನ ಅಡಿಕೆ ತೋಟಕ್ಕೆ ನೀರು ಸಾಲದೆ ಬೋರ್‌ವೆಲ್ ತೆಗೆಸಿದೆ. ಮರ ಮಾರಿದ ಹಣದ ಬಹುಪಾಲು ಅಲ್ಲಿಗೇ ಹೋಯಿತು.

ಆ ಬೇಸಿಗೆ ಕಾಲೇಜಿನಿಂದ ಬಂದಿದ್ದ ಮಗ ಒಣಗಿದ ಹಳ್ಳದಲ್ಲಿ ನಿಂತು ಕೇಳಿದ: "ಅಪ್ಪ, ಟೊಬೇಗೋದಲ್ಲಿ ಮಳೆಯಲ್ಲಿ ನಿಲ್ಲಿಸಿ ನಮಗೆ ಹೇಳಿದ್ದು ನಿಮಗೆ ಮರೆತೇಹೋಯ್ತಾ?" ನನ್ನ ಬಳಿ ಉತ್ತರವಿರಲಿಲ್ಲ.

ಕಾಡು ಮೋಡವನ್ನು ಎಷ್ಟರಮಟ್ಟಿಗೆ ಕರೆಯುತ್ತದೆ ಎಂಬ ಬಗ್ಗೆ ವಿಜ್ಞಾನಿಗಳು ಇಂದಿಗೂ ಚರ್ಚಿಸುತ್ತಾರೆ. ಬಿದ್ದ ಮಳೆಯನ್ನು ದರಗು, ಬೇರುಗಳು ಹಿಡಿದು ಮಣ್ಣಿಗೆ ಇಳಿಸುತ್ತವೆ ಎಂಬುದರಲ್ಲಿ ಚರ್ಚೆಯಿಲ್ಲ. ನನ್ನ ಹಳ್ಳ ಒಣಗಲು ಮರ ಕಡಿದದ್ದೊಂದೇ ಕಾರಣವೆಂದು ಸಾಧಿಸಲಾರೆ. ಆದರೂ ನನ್ನ ಪಾಲು ಅದರಲ್ಲಿ ಉಂಟು.

ಆ ಮಳೆಗಾಲದಲ್ಲಿಯೇ ಮಗನೂ ನಾನೂ ಸೇರಿ ನೆತ್ತಿಯ ಒಂದೂವರೆ ಎಕರೆಯಲ್ಲಿ ಅತ್ತಿ, ಬಸರಿ, ಹಲಸು, ಹಾಲುವಾಣ ನೆಟ್ಟೆವು. ಅಲ್ಲಿ ಈಗ ಕತ್ತಿ ಆಡಿಸುವುದಿಲ್ಲ. ಹಳ್ಳ ಮೊದಲಿನಂತಾಗಿಲ್ಲ, ಆದರೆ ಕಳೆದ ಕೆಲವು ವರ್ಷಗಳಿಂದ ಶಿವರಾತ್ರಿ ದಾಟಿ ಹದಿನೈದು ದಿನ ಹರಿಯುತ್ತಿದೆ.

ಅವ್ವ ಈಗಿಲ್ಲ. ದೇವಣಗಾಂವದಿಂದ ತಮ್ಮ ಫೋನ್ ಮಾಡಿದಾಗ ಮೊದಲು ಕೇಳುವುದು ಮಾತ್ರ ಅದೇ ಪ್ರಶ್ನೆ. ನಮ್ಮ ಹಳ್ಳದ ನೀರು ತುಂಗೆಗೆ, ತುಂಗಭದ್ರೆಗೆ ಸೇರಿ ಕೃಷ್ಣೆಗೆ ಹೋಗುತ್ತದೆ. ಅವನೂರಿನ ಭೀಮೆಯೂ ಕೃಷ್ಣೆಗೇ. ಬೆಟ್ಟದಲ್ಲಿರುವ ನಮ್ಮ ಲೆಕ್ಕ ಬಯಲಿನವರಿಗೆ ಹೀಗೆ ತಲುಪುತ್ತದೆ.

ಸದಸ್ಯ ಬಾಂಧವರಲ್ಲಿ ಎರಡು ವಿನಂತಿ. ತೋಟದ ನೆತ್ತಿಯ ಮರಗಳಿಗೆ ಬೆಲೆ ಕಟ್ಟುವ ಮೊದಲು ಕೆಳಗಿನ ಹಳ್ಳವನ್ನೊಮ್ಮೆ ನೋಡಿ ಬನ್ನಿ. ಮತ್ತು ತಿಂಗಳಿಗೊಂದು ಭಾನುವಾರವಾದರೂ ಬುತ್ತಿ ಕಟ್ಟಿಕೊಂಡು ಮಕ್ಕಳೊಡನೆ ಹೊರಡಿ. ನಾವು ಮರೆತದ್ದನ್ನು ಅವರು ನೆನಪಿಟ್ಟಿರುತ್ತಾರೆ.