ಇಂಜಿನ್ನಿನ ಉಸಿರುದಾರಿಗೆ ಕಟ್ಟುವ ಇಲ್ಲಣ

ಹಳೆಯ ಡೀಸೆಲ್ ಕಾರಿನ ಇನ್‌ಟೇಕ್ ಮ್ಯಾನಿಫೋಲ್ಡನ್ನು, ಅಂದರೆ ಏರ್ ಫಿಲ್ಟರ್ ದಾಟಿ ಬಂದ ಗಾಳಿಯನ್ನು ಒಂದೊಂದು ಸಿಲಿಂಡರಿಗೂ ಹಂಚಿಕೊಡುವ ಕವಲುಕೊಳವೆಯನ್ನು, ಬಿಚ್ಚಿದಾಗ ಅದರ ಒಳಮೈಗೆ ಡಾಂಬರಿನಂತೆ ಮೆತ್ತಿಕೊಂಡ ಕಪ್ಪು ಪದಾರ್ಥವೊಂದು ಕಾಣುತ್ತದೆ. ಮೇಲ್ಪದರವನ್ನು ಮುಟ್ಟಿದರೆ ಬೆರಳಿಗೆ ಹತ್ತಿಕೊಳ್ಳುತ್ತದೆ. ಕೆರೆದರೆ ಕೆಳಪದರವು ಗಾಯದ ಹಕ್ಕಳೆಯಂತೆ ಒಣಗಿ ಏಳುತ್ತದೆ. ಧೂಳಿನ ಬಗ್ಗೆ ದೂರು ತಪ್ಪದ ಹುಬ್ಬಳ್ಳಿಯಲ್ಲಿ ಇದನ್ನು ರಸ್ತೆಯ ಧೂಳೆಂದೇ ತಿಳಿಯುವವರಿದ್ದಾರೆ. ಆದರೆ ಧೂಳು ಫಿಲ್ಟರಿನ ಕಾಗದದ ಮಡಿಕೆಗಳಲ್ಲಿಯೇ ಸಿಕ್ಕಿ ನಿಂತಿರುತ್ತದೆ, ಮತ್ತು ಅದಕ್ಕಿರುವುದು ಮಣ್ಣಿನ ಬಣ್ಣವೇ ಹೊರತು ಮಸಿಯ ಬಣ್ಣವಲ್ಲ. ಮ್ಯಾನಿಫೋಲ್ಡಿನ ಕಪ್ಪು ಹೊರಗಿನಿಂದ ಬಂದದ್ದಲ್ಲ. ಒಂದು ಕಾಲಕ್ಕೆ ನೇರವಾಗಿ ಬೀದಿಗೆ ಬಿಡುತ್ತಿದ್ದ ಹೊಗೆಯನ್ನೂ ಆಯಿಲಿನ ಆವಿಯನ್ನೂ, ಊರಿನ ಗಾಳಿ ಕೆಡದಿರಲೆಂದು, ಇಂಜಿನ್ನೇ ಮರಳಿ ಕುಡಿಯುವಂತೆ ಮಾಡಿದ ಏರ್ಪಾಟಿನ ಫಲ ಅದು.

‘ಗಾಡಿಗೆ ಕಾರ್ಬನ್ ಹಿಡದೈತ್ರಿ’ ಎಂದು ಹುಬ್ಬಳ್ಳಿಯ ಮಿಸ್ತ್ರಿಗಳು ಹೇಳುವ ಮಾತು ರಸಾಯನಶಾಸ್ತ್ರದ ಲೆಕ್ಕದಲ್ಲಿ ಅರ್ಧ ಸರಿ. ಕಾರ್ಬನ್, ಎಂದರೆ ಇಂಗಾಲ, ಅಲ್ಲಿರುವುದು ಮಸಿಯ ರೂಪದಲ್ಲಿ. ಡೀಸೆಲ್ ಪೂರ್ತಿ ಉರಿಯದೆ ಉಳಿದಾಗ ಹುಟ್ಟುವ ಈ ಮಸಿಯ ಬಿಡಿಕಣ ಬಹುಮಟ್ಟಿಗೆ 20ರಿಂದ 50 ನ್ಯಾನೊಮೀಟರ್ ಅಗಲದ ಗೋಲಿಯಾಗಿದ್ದು (ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು ಒಂದು ನ್ಯಾನೊಮೀಟರ್), ಇಂಥ ಗೋಲಿಗಳು ಒಂದಕ್ಕೊಂದು ತಗುಲಿ ಸರಪಳಿಗಳಾಗುತ್ತವೆ. ಬರಿಯ ಮಸಿಯಾಗಿದ್ದರೆ ಅದು ಗಾಳಿಯ ರಭಸಕ್ಕೆ ಉದುರಿಹೋಗುತ್ತಿತ್ತು. ಅದನ್ನು ಕಚ್ಚಿಹಿಡಿಯುವ ಅಂಟು ಇಂಜಿನ್ ಆಯಿಲಿನದು. ಹಳೆಯ ಮನೆಗಳ ಅಡುಗೆಕೋಣೆಯ ಜಂತಿಗಳಿಂದ ಜೋತುಬೀಳುತ್ತಿದ್ದ ಇಲ್ಲಣವನ್ನು ಕಂಡವರಿಗೆ ಈ ಕೂಟ ಹೊಸದಲ್ಲ. ಒಲೆಯ ಹೊಗೆಗೆ ಒಗ್ಗರಣೆಯ ಎಣ್ಣೆಯಾವಿ ಸೇರಿದ್ದರಿಂದಲೇ ಅದು ಪೊರಕೆಗೆ ಬಗ್ಗದ ಜಿಡ್ಡಾಗುತ್ತಿತ್ತು.

ಆಯಿಲ್ ಗಾಳಿಯ ದಾರಿಗೆ ಬರುವ ಬಗೆ ಹೀಗಿದೆ. ಪಿಸ್ಟನ್ನಿನ ರಿಂಗುಗಳು ಎಷ್ಟೇ ಬಿಗಿಯಾಗಿದ್ದರೂ ಉರಿದ ಅನಿಲದ ಒಂದು ಸಣ್ಣ ಪಾಲು ಅವುಗಳ ಸಂದಿನಿಂದ ಕೆಳಗಿನ ಕ್ರ್ಯಾಂಕ್‌ಕೇಸಿಗೆ, ಅಂದರೆ ಆಯಿಲ್ ತುಂಬಿದ ಹೊಟ್ಟೆಗೆ, ನುಸುಳುತ್ತದೆ. ಇಂಜಿನ್ ಸವೆದಷ್ಟೂ ನುಸುಳುವುದು ಹೆಚ್ಚು. ಅಲ್ಲಿ ಒತ್ತಡ ಬೆಳೆದು ಸೀಲುಗಳು ಹರಿಯಬಾರದೆಂದು ಉಸಿರುಕೊಳವೆಯೊಂದನ್ನು ಇಡಬೇಕಾಗುತ್ತದೆ, ಆ ಕೊಳವೆಯಿಂದ ಅನಿಲದ ಜೊತೆಗೆ ಆಯಿಲಿನ ಮಂಜೂ ಹೊರಡುತ್ತದೆ. ಮೊದಮೊದಲ ಕಾರುಗಳಲ್ಲಿ ಈ ಕೊಳವೆಯ ಬಾಯಿ ನೆಲದ ಕಡೆಗೆ ತೆರೆದಿರುತ್ತಿತ್ತು. ಲಾಸ್ ಏಂಜಲೀಸ್ ನಗರವನ್ನು ಕವಿಯುತ್ತಿದ್ದ ಹೊಗೆಮಂಜು ಹುಟ್ಟುವುದು ಹೈಡ್ರೋಕಾರ್ಬನ್ ಮತ್ತು ನೈಟ್ರೋಜನ್ ಆಕ್ಸೈಡುಗಳ ಮೇಲೆ ಬಿಸಿಲು ಬಿದ್ದಾಗ ಎಂಬುದನ್ನು ಡಚ್ ಮೂಲದ ರಸಾಯನ ವಿಜ್ಞಾನಿ ಆರಿ ಹಾಗನ್-ಸ್ಮಿಟ್ 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟ ಮೇಲೆ, 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದಿಂದ ಆರಂಭವಾಗಿ, ಆ ಕೊಳವೆಯ ಬಾಯನ್ನು ತಿರುಗಿಸಿ ಇಂಜಿನ್ ಗಾಳಿ ಎಳೆದುಕೊಳ್ಳುವ ದಾರಿಗೇ ಜೋಡಿಸುವ ಪದ್ಧತಿ ಬಂತು.

ಮಸಿ ಬರುವ ದಾರಿ ಬೇರೆ. ಸಿಲಿಂಡರಿನ ಉರಿ ಎರಡು ಸಾವಿರ ಡಿಗ್ರಿ ಸೆಲ್ಸಿಯಸ್ಸಿನ ಆಚೀಚೆ ಮುಟ್ಟಿದಾಗ, ಸಾಮಾನ್ಯವಾಗಿ ಯಾವುದರ ಗೊಡವೆಗೂ ಹೋಗದ ಗಾಳಿಯ ನೈಟ್ರೋಜನ್ ಆಮ್ಲಜನಕದೊಡನೆ ಕೂಡಿ ಹಾನಿಕರ ಆಕ್ಸೈಡುಗಳಾಗುತ್ತದೆ. ಉರಿಯ ಕಾವನ್ನು ಇಳಿಸುವುದೇ ಇದಕ್ಕೆ ಮದ್ದು. ಒಮ್ಮೆ ಉರಿದು ಆಮ್ಲಜನಕ ಕಳೆದುಕೊಂಡ ಹೊಗೆಯಲ್ಲಿ ಒಂದು ಪಾಲನ್ನು ಹೊಸ ಗಾಳಿಗೆ ಬೆರೆಸಿದರೆ ಅದು ತಾನು ಉರಿಯದೆ ಬಿಸಿಯನ್ನು ಹೀರಿಕೊಂಡು ಕೂರುತ್ತದೆ. ಹೊಗೆಯನ್ನು ಹೀಗೆ ಮರಳಿಸುವ ವ್ಯವಸ್ಥೆಗೆ ಇಂಗ್ಲಿಷಿನ ಮೊದಲಕ್ಷರಗಳಿಂದ ಇಜಿಆರ್ ಎಂಬ ಹೆಸರು ಬಂದಿದೆ. ಎಷ್ಟು ಹೊಗೆ ಮರಳಬೇಕೆಂಬುದನ್ನು ನಿರ್ಧರಿಸುವ ಬಾಗಿಲು ಇಜಿಆರ್ ವಾಲ್ವ್. 2007ರಲ್ಲಿ ಸ್ವಿಫ್ಟ್ ಡೀಸೆಲ್ ಮೂಲಕ ಭಾರತಕ್ಕೆ ಬಂದು, ಮುಂದೆ ಹಲವು ಕಂಪನಿಗಳ ಕಾರುಗಳ ಬಾನೆಟ್ ಕೆಳಗೆ ಸೇರಿ ‘ದೇಶದ ಡೀಸೆಲ್ ಇಂಜಿನ್’ ಎಂಬ ಅಡ್ಡಹೆಸರು ಪಡೆದ 1248 ಸಿಸಿಯ ಫಿಯಟ್ ಮಲ್ಟಿಜೆಟ್ ಇಂಜಿನ್ನಿನಲ್ಲೂ, ಅದರ ಓರಗೆಯ ಕಾಮನ್‌ರೇಲ್ ಡೀಸೆಲ್‌ಗಳಲ್ಲೂ ಈ ಏರ್ಪಾಟು ಇದೆ. ಇದು ಯಾವುದೋ ಒಂದು ಕಂಪನಿಯ ದೋಷವಲ್ಲ.

ಎರಡೂ ದಾರಿಗಳು ಕೂಡುವ ಜಾಗವನ್ನು ಬಿಚ್ಚಿದ ಇಂಜಿನ್ನಿನಲ್ಲಿ ಕಣ್ಣಾರೆ ಕಾಣಬಹುದು. ಗಾಳಿಯನ್ನು ಒತ್ತಿ ತುಂಬುವ ಟರ್ಬೊದಿಂದ ಅದನ್ನು ತಣಿಸುವ ಇಂಟರ್‌ಕೂಲರಿಗೆ ಹೋಗುವ ಕೊಳವೆಯೊಳಗೆ ಆಯಿಲಿನ ತೆಳುವಾದ ಪಸೆ ಹೊಳೆಯುತ್ತಿರುತ್ತದೆ, ಕಪ್ಪು ಇರುವುದಿಲ್ಲ. ಇಂಟರ್‌ಕೂಲರ್ ದಾಟಿ, ಇಜಿಆರ್ ಹೊಗೆ ಬಂದು ಬೀಳುವ ಬಾಯಿಯವರೆಗೂ ಹಾಗೆಯೇ. ಆ ಬಾಯಿಯಿಂದ ಮುಂದಕ್ಕೆ, ಗೆರೆ ಎಳೆದಂತೆ, ಕಪ್ಪು ಮೆತ್ತೆ ಶುರುವಾಗುತ್ತದೆ.

ಗಾಳಿಯ ಜೊತೆ ಹಾರಿಹೋಗಬಹುದಾಗಿದ್ದ ಮಸಿಕಣ ಗೋಡೆಗೇ ಏಕೆ ಹೋಗಿ ಕೂರುತ್ತದೆ ಎಂಬುದಕ್ಕೆ ಕಾಡಿಗೆ ಮಾಡುವ ಹಳೆಯ ಮನೆಪದ್ಧತಿಯಲ್ಲಿ ಉತ್ತರವಿದೆ. ಹರಳೆಣ್ಣೆಯ ದೀಪದ ಮೇಲೆ ತಣ್ಣಗಿನ ಹಿತ್ತಾಳೆ ತಟ್ಟೆಯನ್ನು ಬೋರಲು ಹಾಕಿದರೆ ಮಸಿಯೆಲ್ಲ ತಟ್ಟೆಗೆ ಬಂದು ಕೂರುತ್ತದೆ. ತಟ್ಟೆ ಕಾದ ಮೇಲೆ ಕೂರುವುದು ಕಡಿಮೆಯಾಗುವುದರಿಂದ ಅದರ ಬೆನ್ನಿಗೆ ಒದ್ದೆ ಬಟ್ಟೆ ಹಾಕುವುದೂ ಉಂಟು. ಬಿಸಿ ಅನಿಲದಲ್ಲಿ ತೇಲುವ ಕಣಕ್ಕೆ ಬಿಸಿ ಬದಿಯ ಅಣುಗಳು ಜೋರಾಗಿಯೂ ತಂಪು ಬದಿಯ ಅಣುಗಳು ಮೆಲ್ಲಗೂ ಬಡಿಯುವುದರಿಂದ ಕಣವು ತಂಪಿನ ಕಡೆಗೆ ಸರಿಯುತ್ತದೆ. ಭೌತವಿಜ್ಞಾನದಲ್ಲಿ ಇದಕ್ಕೆ ಥರ್ಮೊಫೊರೆಸಿಸ್ ಎಂದು ಹೆಸರು, ಕನ್ನಡದಲ್ಲಿ ಉಷ್ಣಸರಣ ಎನ್ನಬಹುದು. ನೂರಾರು ಡಿಗ್ರಿಯ ಹೊಗೆ ತಣ್ಣಗಿನ ಮ್ಯಾನಿಫೋಲ್ಡಿಗೆ ಬಂದಾಗ ನಡೆಯುವುದೂ ಇದೇ. ಪದರ ದಪ್ಪವಾದಂತೆ ಅದೇ ಒಂದು ಕಂಬಳಿಯಾಗಿ ಲೋಹದ ತಂಪನ್ನು ಮರೆಮಾಡಿ ತನ್ನ ಬೆಳವಣಿಗೆಗೆ ತಾನೇ ಕಡಿವಾಣ ಹಾಕಿಕೊಳ್ಳುತ್ತದೆ. ಆದ್ದರಿಂದ ಎಷ್ಟೋ ಕಾರುಗಳು ಅರೆಕಟ್ಟಿದ ಮೂಗಿನಲ್ಲಿಯೇ ವರ್ಷಗಟ್ಟಲೆ ಓಡುತ್ತವೆ, ಒಡೆಯರಿಗೆ ಅರಿವಾಗುವುದಿಲ್ಲ.

ಇಲ್ಲಿ ಹುಬ್ಬಳ್ಳಿಯ ಕೇಶ್ವಾಪುರದ ಮಾತು ಬರುತ್ತದೆ. ನೈಋತ್ಯ ರೈಲ್ವೆಯ ಕೇಂದ್ರ ಕಚೇರಿಯೂ ರೈಲ್ವೆ ವಸತಿಗಳೂ ಇರುವ ಈ ಬಡಾವಣೆಯಿಂದ ರೈಲು ನಿಲ್ದಾಣಕ್ಕೆ, ದುರ್ಗದಬೈಲಿನ ಪೇಟೆಗೆ, ಮಕ್ಕಳ ಶಾಲೆಗೆ ಎಂದು ಕಾರು ಓಡುವ ದೂರ ಬಹುಪಾಲು ಎರಡು ಮೂರು ಕಿಲೋಮೀಟರ್ ಮಾತ್ರ. ಅಷ್ಟರಲ್ಲಿ ಇಂಜಿನ್ನಿನ ನೀರು ಬೆಚ್ಚಗಾದರೂ ಆಯಿಲ್ ಕಾದಿರುವುದಿಲ್ಲ, ಮ್ಯಾನಿಫೋಲ್ಡ್ ತಣ್ಣಗೇ ಇರುತ್ತದೆ, ಉರಿಯಿಂದ ಹುಟ್ಟಿದ ನೀರಾವಿ ಗೋಡೆಯ ಮೇಲೆ ಬೆವರಾಗಿ ಇಳಿಯುತ್ತದೆ, ಮತ್ತು ನಿಧಾನ ಓಟದಲ್ಲಿಯೇ ಇಜಿಆರ್ ವಾಲ್ವ್ ಹೆಚ್ಚು ತೆರೆದಿರುವುದರಿಂದ ಮಸಿಯ ಪೂರೈಕೆಗೂ ಕೊರತೆಯಿಲ್ಲ. ಇಂಧನದ ಚರಿತ್ರೆಯೂ ಇದಕ್ಕೆ ಸೇರಬೇಕು. ವಾಹನದ ಹೊಗೆಗೂ ಇಂಧನಕ್ಕೂ ಮಿತಿ ಹಾಕುವ ಬಿಎಸ್-4 ಮಾನದಂಡ 2010ರಲ್ಲಿ ಜಾರಿಗೆ ಬಂದ 13 ನಗರಗಳಲ್ಲಿ ರಾಜ್ಯದಿಂದ ಬೆಂಗಳೂರು ಇತ್ತು, ಹುಬ್ಬಳ್ಳಿ-ಧಾರವಾಡ ಇರಲಿಲ್ಲ. ದೇಶಕ್ಕೆಲ್ಲ ಅದು ಅನ್ವಯವಾದದ್ದು 2017ರ ಏಪ್ರಿಲ್ 1ರಂದು. ಬಿಎಸ್-3 ಡೀಸೆಲ್ಲಿನಲ್ಲಿ ಹತ್ತು ಲಕ್ಷಕ್ಕೆ 350 ಪಾಲಿನವರೆಗೂ ಗಂಧಕಕ್ಕೆ ಅವಕಾಶವಿತ್ತು, ಬಿಎಸ್-4ರಲ್ಲಿ 50, ಈಗಿನ ಬಿಎಸ್-6ರಲ್ಲಿ 10. ಗಂಧಕದ ಹೊಗೆ ಆ ಬೆವರಿನಲ್ಲಿ ಕರಗಿ ಆಮ್ಲವಾಗುತ್ತದೆಯಾದ್ದರಿಂದ, ಇಲ್ಲಿನ ಕೆಎ-25 ಫಲಕದ ಹಳೆಯ ಡೀಸೆಲ್ ಕಾರುಗಳ ಅಲ್ಯೂಮಿನಿಯಂ ಮ್ಯಾನಿಫೋಲ್ಡಿನಲ್ಲಿ ಮೆತ್ತೆಯ ಕೆಳಗೆ ತಿಂದುಹೋದ ಗುಳಿಗಳು ಕಂಡರೆ ಅಚ್ಚರಿಪಡಬೇಕಿಲ್ಲ.

ವಾರಕ್ಕೊಮ್ಮೆ ಗಬ್ಬೂರಿನಿಂದ ನರೇಂದ್ರದವರೆಗಿನ ಹುಬ್ಬಳ್ಳಿ-ಧಾರವಾಡ ಬೈಪಾಸಿನಲ್ಲಿ ಜೋರಾಗಿ ಓಡಿಸಿ ತಂದರೆ ಕಾರ್ಬನ್ ಸುಟ್ಟುಹೋಗುತ್ತದೆಂಬ ನಂಬಿಕೆಯಲ್ಲಿ ತಿರುಳಿಲ್ಲದಿಲ್ಲ, ಆದರೆ ಅದು ಅನ್ವಯಿಸುವುದು ಸಿಲಿಂಡರಿಗೂ ಸೈಲೆನ್ಸರಿನ ಬದಿಗೂ ಮಾತ್ರ. ಮಸಿ ಗಾಳಿಯಲ್ಲಿ ಉರಿಯಲು ಸುಮಾರು 550ರಿಂದ 600 ಡಿಗ್ರಿ ಬೇಕು; ಗಾಳಿ ಒಳಬರುವ ಬದಿ ಆ ಕಾವನ್ನು ಎಂದೂ ಕಾಣದು. ದೂರದ ಓಟದಿಂದ ಹೊಸ ಮೆತ್ತೆ ಕೂರುವುದು ಕಡಿಮೆಯಾದೀತು, ಇದ್ದದ್ದು ಹೋಗದು.

ಮೆತ್ತೆ ಏನು ಕೆಡಿಸುತ್ತದೆ ಎಂಬುದನ್ನು ಸಣ್ಣ ಲೆಕ್ಕದಿಂದ ತಿಳಿಯಬಹುದು. 1248 ಸಿಸಿಯ ನಾಲ್ಕು ಸ್ಟ್ರೋಕ್ ಇಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಗಾತ್ರದಷ್ಟು ಗಾಳಿ ಎಳೆಯುವುದರಿಂದ, ನಿಮಿಷಕ್ಕೆ 2000 ಸುತ್ತಿನಲ್ಲಿ, ಟರ್ಬೊದ ಒತ್ತಡವನ್ನು ಲೆಕ್ಕಕ್ಕೆ ಹಿಡಿಯದೆಯೂ, ನಿಮಿಷಕ್ಕೆ ಸುಮಾರು 1250 ಲೀಟರ್ ಗಾಳಿ ಬೇಕು. 40 ಮಿಲಿಮೀಟರ್ ಅಗಲದ ದಾರಿಗೆ ಸುತ್ತಲೂ 5 ಮಿಲಿಮೀಟರ್ ಮೆತ್ತೆ ಕಟ್ಟಿದರೆ ಅಗಲ 30ಕ್ಕೆ ಇಳಿಯುತ್ತದೆ, ಆದರೆ ಗಾಳಿ ಹೋಗುವ ಬಾಯಿಯ ವಿಸ್ತೀರ್ಣ ನೂರಕ್ಕೆ 44ರಷ್ಟು ಕುಗ್ಗುತ್ತದೆ. ಗಾಳಿ ಕಡಿಮೆಯಾದಾಗ ಡೀಸೆಲ್ ಅರೆಬೆಂದು ಹೆಚ್ಚು ಮಸಿ ಹುಟ್ಟುತ್ತದೆ, ಆ ಮಸಿಯಲ್ಲಿ ಒಂದು ಪಾಲು ಇಜಿಆರ್ ಮೂಲಕ ಮತ್ತೆ ಇದೇ ದಾರಿಗೆ ಬರುತ್ತದೆ. ಪಿಕಪ್ ಸತ್ತು, ಏರಿನಲ್ಲಿ ಕಪ್ಪು ಹೊಗೆ ಕಕ್ಕಿ, ಐಡ್ಲಿಂಗಿನಲ್ಲಿ ಗಾಡಿ ನಡುಗತೊಡಗುತ್ತದೆ. 15 ವರ್ಷ ತುಂಬಿ ನೋಂದಣಿ ನವೀಕರಿಸುವ ಹೊತ್ತಿಗೆ ಹೊಗೆ ತಪಾಸಣೆಯಲ್ಲಿ ತೊಡಕಾಗುವುದೂ ಇದರಿಂದಲೇ ಆಗಿರಬಹುದು.

ಪೆಟ್ರೋಲ್ ಕಾರುಗಳ ಕಥೆ ಇಷ್ಟು ಕಪ್ಪಲ್ಲ. ಎಂಪಿಎಫ್‌ಐ ಎಂದು ಕರೆಯುವ ಬಗೆಯಲ್ಲಿ ಪೆಟ್ರೋಲಿನ ತುಂತುರು ಇನ್‌ಟೇಕ್ ವಾಲ್ವಿನ ಬೆನ್ನಿಗೇ ಬಿದ್ದು ಅದನ್ನು ತೊಳೆಯುತ್ತಿರುತ್ತದೆ. ಪೆಟ್ರೋಲನ್ನು ನೇರವಾಗಿ ಸಿಲಿಂಡರಿನೊಳಗೆ ಚಿಮ್ಮಿಸುವ ಹೊಸ ಬಗೆಯವಕ್ಕೆ ಈ ಸ್ನಾನದ ಭಾಗ್ಯವಿಲ್ಲದ್ದರಿಂದ ವಾಲ್ವಿನ ಬೆನ್ನಿಗೆ ಮೆತ್ತೆ ಕಟ್ಟುತ್ತದೆ, ಅದನ್ನು ತೆಗೆಯಲು ಅಕ್ರೋಟಿನ ಚಿಪ್ಪಿನ ಪುಡಿಯನ್ನು ಗಾಳಿಯ ಒತ್ತಡದಿಂದ ಎರಚುವ ಪದ್ಧತಿ ಇದೆ. ಇನ್ನೊಂದು ತುದಿಯಲ್ಲಿ ಹುಬ್ಬಳ್ಳಿಯ ಡೀಸೆಲ್ ಲೋಕೊ ಶೆಡ್ಡಿನ ಡಬ್ಲ್ಯುಡಿಜಿ-4 ಇಂಜಿನ್‌ಗಳಿವೆ. ಒಂದೊಂದು ಸಿಲಿಂಡರೂ 11.6 ಲೀಟರಿನ, ಅಂಥ 16 ಸಿಲಿಂಡರುಗಳ ಈ ಎರಡು ಸ್ಟ್ರೋಕ್ ಯಂತ್ರದಲ್ಲಿ ಗಾಳಿಗೆ ವಾಲ್ವೇ ಇಲ್ಲ. ಏರ್ ಬಾಕ್ಸ್ ಎಂಬ ವಾಯುಪೆಟ್ಟಿಗೆಯಿಂದ ಸಿಲಿಂಡರ್ ಗೋಡೆಯ ಕಿಂಡಿಗಳ ಮೂಲಕ ಗಾಳಿ ನುಗ್ಗುತ್ತದೆ. ಆ ಪೆಟ್ಟಿಗೆಯ ಮುಚ್ಚಳ ತೆಗೆದು ಕಿಂಡಿಗಳನ್ನೂ ರಿಂಗುಗಳನ್ನೂ ಕಣ್ಣಿನಿಂದ ನೋಡುವುದು ತಪಾಸಣೆಯ ಭಾಗ. ಕಾರಿಗೆ ಅಂಥ ಕಿಟಕಿಯೊಂದನ್ನು ಯಾರೂ ಇಡಲಿಲ್ಲ, ಅಷ್ಟೇ ಕೊರತೆ.

ಆದ್ದರಿಂದ ಬಿಚ್ಚಿಯೇ ನೋಡಬೇಕು, ಬಿಚ್ಚಿಯೇ ತೊಳೆಯಬೇಕು. ಬಾಟಲಿಯ ಔಷಧವೊಂದನ್ನು ಡೀಸೆಲ್ ಟ್ಯಾಂಕಿಗೆ ಸುರಿದರೆ ಅದು ಇಂಜೆಕ್ಟರನ್ನು ಮುಟ್ಟೀತೇ ಹೊರತು ಗಾಳಿಯ ದಾರಿಯನ್ನು ಮುಟ್ಟುವುದಿಲ್ಲ. ಹೈಡ್ರೋಜನ್ ಹಾಯಿಸಿ ಕಾರ್ಬನ್ ಸುಡುವೆವೆಂಬ ಯಂತ್ರಗಳ ಅನಿಲವೂ ಉರಿಯುವುದು ಸಿಲಿಂಡರಿನೊಳಗೆ. ಅದಕ್ಕೂ ಮುಂಚಿನ ಮ್ಯಾನಿಫೋಲ್ಡಿನ ಮೆತ್ತೆಗೆ ಆ ಉರಿ ತಾಕುವುದೇ ಇಲ್ಲ. ಓಡುತ್ತಿರುವ ಡೀಸೆಲ್ ಇಂಜಿನ್ನಿನ ಗಾಳಿಯ ಬಾಯಿಗೆ ಕ್ಲೀನರ್ ಸ್ಪ್ರೇ ಹೊಡೆಯುವುದಂತೂ ಅಪಾಯ: ಉರಿಯುವ ದ್ರವವಾದರೆ ಅದೇ ಇಂಧನವಾಗಿ ಇಂಜಿನ್ ಹತೋಟಿ ತಪ್ಪಿ ಓಡಬಹುದು, ಹೆಚ್ಚು ದ್ರವ ಒಳಸೇರಿದರೆ ಅದನ್ನು ಒತ್ತಿ ಕುಗ್ಗಿಸಲಾಗದೆ ಕನೆಕ್ಟಿಂಗ್ ರಾಡ್ ಬಾಗಬಹುದು, ಸಡಿಲಾದ ಹಕ್ಕಳೆ ವಾಲ್ವಿನ ಅಡಿಗೆ ಸಿಕ್ಕಿಕೊಳ್ಳಬಹುದು.

ಬಿಚ್ಚಿದ ಮೇಲಿನ ಕೆಲಸದಲ್ಲಿ ತೋಳಿನ ಬಲಕ್ಕಿಂತ ತಾಳ್ಮೆಯೇ ಹೆಚ್ಚು ಬೇಕು. ಮಸಿ ಯಾವ ದ್ರವದಲ್ಲಿಯೂ ಕರಗದು. ಕರಗುವುದು ಅದನ್ನು ಹಿಡಿದಿರುವ ಅಂಟು. ದಪ್ಪ ಮೆತ್ತೆಯನ್ನು ಮರದ ಅಥವಾ ಪ್ಲಾಸ್ಟಿಕ್ಕಿನ ಪಟ್ಟಿಯಿಂದ ಕೆರೆದು, ಭಾಗಗಳನ್ನು ಡೀಸೆಲ್ಲಿನಲ್ಲಿಯೋ ಗ್ಯಾರೇಜಿನ ಡಿಗ್ರೀಸರಿನಲ್ಲಿಯೋ ಒಂದು ರಾತ್ರಿ ನೆನೆಸಿದರೆ ಮರುದಿನ ಬಾಟಲಿ ತೊಳೆಯುವ ಬ್ರಷ್ಷಿಗೇ ಕಪ್ಪೆಲ್ಲ ಕದಡಿ ಹೊರಬರುತ್ತದೆ, ಬಳಿಕ ಸೋಪಿನ ಬಿಸಿನೀರು. ಕೆಲವೆಡೆ ಕಬ್ಬಿಣದ ಭಾಗಗಳಿಗೆ ಮಾಡುವಂತೆ ಇದನ್ನೂ ಕಾಸ್ಟಿಕ್ ಸೋಡಾದಲ್ಲಿ ಕುದಿಸುತ್ತಾರೆ. ಆ ಕ್ಷಾರ ಅಲ್ಯೂಮಿನಿಯಮ್ಮನ್ನೇ ತಿಂದು ಹೈಡ್ರೋಜನ್ ಗುಳ್ಳೆ ಬಿಡುತ್ತದೆಯಾದ್ದರಿಂದ ಮೆತ್ತೆಯೊಡನೆ ಮ್ಯಾನಿಫೋಲ್ಡೂ ಸವೆಯುತ್ತದೆ. ಇಜಿಆರ್ ವಾಲ್ವಿನ ಮೋಟಾರು ಇರುವ ತಲೆಯನ್ನು ನೆನೆಸಬಾರದು. ಅದರ ಕೂರುವ ಅಂಚನ್ನಷ್ಟೇ ತೊಳೆದು, ಬಾಗಿಲು ಪೂರ್ತಿ ಮುಚ್ಚುತ್ತದೆಯೇ ಎಂದು ಬೆಳಕಿಗೆ ಹಿಡಿದು ನೋಡಬೇಕು. ಸಿಲಿಂಡರ್ ಹೆಡ್ಡಿನ ಬಾಯಿಗಳನ್ನು ಕೆರೆಯುವಾಗ ಆ ಸಿಲಿಂಡರಿನ ವಾಲ್ವ್ ಮುಚ್ಚಿರುವಂತೆ ಇಂಜಿನ್ನನ್ನು ತಿರುಗಿಸಿಟ್ಟುಕೊಂಡು ಉದುರಿದ್ದನ್ನು ವ್ಯಾಕ್ಯೂಮಿನಿಂದ ಎಳೆಯಬೇಕು. ಎಲ್ಲವೂ ಒಣಗಿದ ಮೇಲೆ ಹೊಸ ಗ್ಯಾಸ್ಕೆಟ್ ಹಾಕಿ ಜೋಡಿಸಿ, ಇಜಿಆರ್ ವಾಲ್ವಿನ ಹೊಸ ಸ್ಥಾನವನ್ನು ಸ್ಕ್ಯಾನರಿನಿಂದ ಇಂಜಿನ್ನಿನ ಕಂಪ್ಯೂಟರಿಗೆ ಕಲಿಸದಿದ್ದರೆ ಅದು ಹಳೆಯ ಮೆತ್ತೆಯ ಲೆಕ್ಕದಲ್ಲಿಯೇ ಗಾಳಿ ಅಳೆಯುತ್ತಿರುತ್ತದೆ.

ಉಳಿಯುವುದು ತೊಳೆದ ಕಪ್ಪು ಡೀಸೆಲ್. ಮಸಿಕಣ ಬಹಳ ಸಣ್ಣದಾದ್ದರಿಂದ ಅದು ಬೇಗ ತಳಕ್ಕೆ ಇಳಿಯುವುದಿಲ್ಲ, ನೋಡಲು ನೀರಿನಷ್ಟೇ ತೆಳುವಾಗಿದ್ದು ಗಟಾರಕ್ಕೆ ಚೆಲ್ಲಲು ಸಲೀಸಾಗಿ ಕಾಣುತ್ತದೆ. ಆದರೆ ಇದರಲ್ಲಿ ಕರಗಿರುವ ಬಳಸಿದ ಆಯಿಲ್ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಿಗೆ ಒಳಪಟ್ಟ ವಸ್ತು. ಗ್ಯಾರೇಜಿನ ಮೂಲೆಯಲ್ಲಿ ತೆಗೆದ ಆಯಿಲಿಗೆಂದು ಇಟ್ಟಿರುವ ಡ್ರಮ್ಮಿನ ಪಕ್ಕದಲ್ಲಿ ಇದಕ್ಕೂ ಮುಚ್ಚಳವಿರುವ ಒಂದು ಡಬ್ಬಿ ಬೇಕು.